ಹಳೆ ಕಾರಿನ ಎಂಜಿನ್ ಹೀಟ್ ಆಗುತ್ತಿದೆಯೆ? ಮೊದಲು ‘ಯಾವಾಗ’ ಎಂದು ಕೇಳಿಕೊಳ್ಳಿ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್ ಅಥವಾ ಪದ್ಮಿನಿ ಕಂಡರೆ ಸುತ್ತಲಿನವರ ಮಾತು ಒಂದೇ: ‘ಹಳೆ ಗಾಡಿ, ಈ ಟ್ರಾಫಿಕ್ ತಡೆಯೋಲ್ಲ.’ ಇದನ್ನು ಒಪ್ಪಬೇಕಾಗಿಲ್ಲ. ಕೋಲ್ಕತ್ತ ಮತ್ತು ಮುಂಬೈಯಲ್ಲಿ ಇದೇ ಎರಡು ಕಾರುಗಳು ದಶಕಗಳ ಕಾಲ ಟ್ಯಾಕ್ಸಿಯಾಗಿ, ಇದಕ್ಕಿಂತ ಕಡು ಬೇಸಿಗೆಯಲ್ಲಿ, ದಿನವಿಡೀ ದುಡಿದಿವೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಹೆಚ್ಚಿನ ತಾಪಮಾನ 39.2 ಡಿಗ್ರಿ, ಅದು 2016ರ ಏಪ್ರಿಲ್‌ನಲ್ಲಿ. ಕಾರ್ಖಾನೆಯಿಂದ ಬಂದಾಗ ಇದ್ದ ಕೂಲಿಂಗ್ ವ್ಯವಸ್ಥೆ ಈಗಲೂ ಹಾಗೇ ಇದ್ದರೆ ಈ ಊರಿನ ಬಿಸಿಲು ಅದಕ್ಕೊಂದು ಲೆಕ್ಕವೇ ಅಲ್ಲ. ಆದರೆ ಅದು ಹಾಗೆ ಉಳಿದಿರುವುದಿಲ್ಲ. ನಲವತ್ತು ವರ್ಷ ಬೋರ್‌ವೆಲ್ ನೀರು ಕುಡಿದ ಎಂಜಿನ್ ಬ್ಲಾಕ್, ಯಾರೋ ಕಿತ್ತು ಹಾಕಿದ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್), ಅಳತೆ ತಪ್ಪಿದ ರೇಡಿಯೇಟರ್ ಕ್ಯಾಪ್. ತೊಂದರೆ ಕೊಡುವವು ಇವು.

ಹೀಟ್ ಆಯಿತು ಎಂದ ಕೂಡಲೇ ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವುದು, ದೊಡ್ಡ ರೇಡಿಯೇಟರ್ ಹುಡುಕಿಕೊಂಡು ಹೊರಡುವುದು ಬೇಡ. ಎಂಜಿನ್ ಯಾವ ಹೊತ್ತಿನಲ್ಲಿ ಕಾಯುತ್ತದೆ ಎನ್ನುವುದು ಅರ್ಧ ಉತ್ತರವನ್ನು ಹೇಳಿಬಿಡುತ್ತದೆ.

ನಿಂತಲ್ಲಿ, ಆಮೆ ನಡಿಗೆಯ ಟ್ರಾಫಿಕ್‌ನಲ್ಲಿ ಟೆಂಪರೇಚರ್ ಗೇಜಿನ ಮುಳ್ಳು ಏರಿ, ರಸ್ತೆ ಬಿಡುವಾಗುತ್ತಲೇ ಇಳಿದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್, ಬೆಲ್ಟ್ ಮತ್ತು ರೇಡಿಯೇಟರ್ ರೆಕ್ಕೆಗಳನ್ನು ನೋಡಿ. ಊರೊಳಗೆ ಚೆನ್ನಾಗಿದ್ದು ದೇವನಹಳ್ಳಿ ಹೆದ್ದಾರಿಯಲ್ಲಿ 70–80 ವೇಗದಲ್ಲಿ ನಿಧಾನವಾಗಿ ಏರಿದರೆ ನೀರು ಹರಿಯುತ್ತಿಲ್ಲ: ಕಟ್ಟಿಕೊಂಡ ರೇಡಿಯೇಟರ್ ಕೊಳವೆಗಳು, ಸವೆದ ಪಂಪ್, ಒಳಕ್ಕೆ ಕುಸಿಯುವ ಕೆಳಗಿನ ಹೋಸ್ ಪೈಪ್, ಇಲ್ಲವೇ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಕ್ಷಣ, ತಪ್ಪಿದೆ. ಎರಡೂ ಕಡೆ ಕಾದರೆ ಬ್ಲಾಕ್ ಒಳಗೆ ಕೆಸರು ತುಂಬಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಸರಿಯಿದ್ದದ್ದು ಒಂದೇ ದಿನ ಕಾದರೆ ಬೆಲ್ಟ್ ಹರಿದಿದೆ, ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿ ಅಂಟಿಕೊಂಡಿದೆ, ನೀರು ಎಲ್ಲೋ ಸೋರಿದೆ ಅಥವಾ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಬೇರ್ಪಡಿಸಿಬಿಡಬೇಕು. ಮುಳ್ಳು ಮಧ್ಯದಲ್ಲೇ ಇದೆ, ನೀರು ಕುದಿದಿಲ್ಲ, ಆದರೂ ಗಾಡಿ ಎಳೆಯದೆ ಮಿಸ್ ಹೊಡೆದು ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆಗುತ್ತದೆ. ಇದನ್ನೂ ಜನ ‘ಹೀಟ್ ಆಗಿ ನಿಂತಿತು’ ಎನ್ನುತ್ತಾರೆ. ಇದು ಪೆಟ್ರೋಲ್ ಪೈಪಿನಲ್ಲೋ ಪಂಪಿನಲ್ಲೋ ಆವಿಯಾಗುವ ವೇಪರ್ ಲಾಕ್. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದಾಗ ಬೇಗ ಸ್ಟಾರ್ಟ್ ಆದರೆ ಅನುಮಾನ ನಿಜ. ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ ಕಟ್ಟಿ; ಪಂಪಿನ ಕೆಳಗಿನ ಬೇಕಲೈಟ್ ಪ್ಯಾಕಿಂಗ್ ಇದೆಯೇ ನೋಡಿ. ಅದು ಮೂಲದ ದಪ್ಪದ್ದೇ ಆಗಿರಲಿ. ದಪ್ಪ ಹೆಚ್ಚಾದರೆ ಪಂಪಿನ ಲಿವರ್ ಕ್ಯಾಮ್‌ಗೆ ಪೂರ್ತಿ ಮುಟ್ಟದೆ ಪೆಟ್ರೋಲೇ ಸಾಲದಾಗುತ್ತದೆ.

ಮುಳ್ಳನ್ನು ನಂಬುವ ಮೊದಲು

ಹಳೆಯ ಗೇಜುಗಳು ಸುಳ್ಳು ಹೇಳುತ್ತವೆ. ಅರ್ತ್ ಸರಿಯಿಲ್ಲದಿದ್ದರೆ, ಎಂಜಿನ್ನಿನ ಬಿಸಿಯನ್ನು ಗೇಜಿಗೆ ತಿಳಿಸುವ ಸೆಂಡರ್ ಬೇರೆ ಕಾರಿನದ್ದಾಗಿದ್ದರೆ ತಣ್ಣಗಿರುವ ಎಂಜಿನ್ನಿಗೂ ಮುಳ್ಳು ಮೇಲೇರುತ್ತದೆ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದುಕೊಳ್ಳಿ. ಅದನ್ನು ಹೊಳೆಯುವ ಹಿತ್ತಾಳೆಯ ಮೇಲೆ ಹಿಡಿದರೆ ಓದು ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಮನೆ, ರೇಡಿಯೇಟರ್ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಮೂರನ್ನೂ ಬರೆದಿಟ್ಟುಕೊಳ್ಳಿ. ಮೇಲಿನದಕ್ಕೂ ಕೆಳಗಿನದಕ್ಕೂ ಸುಮಾರು 6ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ರೇಡಿಯೇಟರ್ ಕೆಲಸ ಮಾಡುತ್ತಿದೆ. ವ್ಯತ್ಯಾಸವೇ ಇಲ್ಲ, ಎರಡೂ ಕುದಿಯುತ್ತಿವೆ ಎಂದರೆ ಗಾಳಿ ಶಾಖವನ್ನು ಒಯ್ಯುತ್ತಿಲ್ಲ. ವ್ಯತ್ಯಾಸ ವಿಪರೀತ ಇದ್ದರೆ ನೀರು ತೀರಾ ನಿಧಾನವಾಗಿ ಹರಿಯುತ್ತಿದೆ. ಆಮೇಲೆ ರೇಡಿಯೇಟರ್ ಮುಖದ ಮೇಲೆ ಉದ್ದಗಲಕ್ಕೂ ಅಳೆಯಿರಿ. ಸುತ್ತ ಬಿಸಿಯಿದ್ದು ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿಕೊಂಡಿವೆ.

ಕುತ್ತಿಗೆಯವರೆಗೂ ನೀರು ತುಂಬಿಸಿ, ಮರುದಿನ ಒಂದು ಲೋಟ ಕಡಿಮೆಯಾಗಿದೆ ಎಂದು ಗಾಬರಿಪಡುವವರೂ ಇದ್ದಾರೆ. ನೀರು ಬಿಸಿಯಾದಾಗ ಹಿಗ್ಗುತ್ತದೆ. ಪಕ್ಕದಲ್ಲಿ ಬಾಟಲಿ ಇಲ್ಲದ ಹಳೆ ವ್ಯವಸ್ಥೆಯಲ್ಲಿ ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ರಸ್ತೆಗೆ ಹೋಗುತ್ತದೆ. ತಣ್ಣಗಿದ್ದಾಗ ನೀರಿನ ಮಟ್ಟ ಕುತ್ತಿಗೆಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿರಬೇಕು. ಅಲ್ಲಿಂದಲೂ ಇಳಿಯುತ್ತಲೇ ಹೋದರೆ ಮಾತ್ರ ಚಿಂತಿಸಿ.

ಬ್ಲಾಕ್ ತೊಳೆಯುವುದು

ಹೆಚ್ಚಿನ ಫಲ ಸಿಗುವ ಕೆಲಸ ಇದು, ಹೆಚ್ಚಿನ ಜನ ಅರ್ಧಕ್ಕೆ ಬಿಡುವ ಕೆಲಸವೂ ಇದೇ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನಲ್ಲಿ, ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ಸಿಲಿಂಡರ್ ಗೋಡೆಯ ಹೊರಮೈಗೂ ಕಟ್ಟುತ್ತದೆ. ಈ ಸುಣ್ಣದ ಪದರ ಶಾಖವನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ನೀರು 85 ಡಿಗ್ರಿಯಲ್ಲಿದ್ದರೂ ಒಳಗಿನ ಲೋಹ ವಿಪರೀತ ಕಾದಿರುತ್ತದೆ. ಇದರ ಜೊತೆಗೆ ಎರಕದ ಕಬ್ಬಿಣದ ತುಕ್ಕು ಕೆಸರಾಗಿ ಬ್ಲಾಕ್‌ನ ತಳದಲ್ಲಿ, ಅದರಲ್ಲೂ ಹಿಂಭಾಗದ ಕೊನೆಯ ಸಿಲಿಂಡರಿನ ಸುತ್ತ ಕೂರುತ್ತದೆ. ಪಂಪ್ ಮುಂದಿದೆ, ಹಿಂದಿನವರೆಗೆ ತಲುಪುವಷ್ಟರಲ್ಲಿ ನೀರಿನ ರಭಸ ಸೊರಗಿರುತ್ತದೆ.

1. ತಣ್ಣಗಿರುವ ಎಂಜಿನ್ನಿನಿಂದ ನೀರನ್ನು ಪೂರ್ತಿ ಬಸಿದು ಅಳತೆ ಮಾಡಿ. ಕೈಪಿಡಿಯಲ್ಲಿರುವ ಅಳತೆಗಿಂತ ಒಂದು ಲೀಟರ್ ಕಡಿಮೆ ಬಂದರೆ, ಆ ಜಾಗದಲ್ಲಿ ಬಹುಪಾಲು ಕೆಸರಿದೆ ಎಂದೇ ತಿಳಿಯಿರಿ. ರೇಡಿಯೇಟರ್ ನಲ್ಲಿಯಿಂದ ಬಸಿದರಷ್ಟೇ ಸಾಲದು, ಬ್ಲಾಕ್‌ನ ಪಕ್ಕದ ನಲ್ಲಿಯನ್ನೂ ಬಿಚ್ಚಬೇಕು. ಬಿಚ್ಚಿದಾಗ ಒಂದು ಹನಿಯೂ ಬಾರದಿದ್ದರೆ ದಪ್ಪ ತಂತಿ ತೂರಿಸಿ ತಿವಿಯಿರಿ.

2. ಥರ್ಮೋಸ್ಟಾಟ್ ತೆಗೆದಿಟ್ಟು, ಹೋಸ್‌ಗಳನ್ನು ಬಿಚ್ಚಿ, ತೋಟದ ಪೈಪಿನಿಂದ ಹರಿವಿನ ಎದುರು ದಿಕ್ಕಿಗೆ ನೀರು ಬಿಡಿ: ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ, ಬ್ಲಾಕ್‌ಗೆ ಥರ್ಮೋಸ್ಟಾಟ್ ಬಾಯಿಂದ ಕೆಳಕ್ಕೆ. ಸರ್ವಿಸ್ ಸ್ಟೇಷನ್ನಿನ ಗನ್ ಬಳಸಬೇಡಿ. ಹಳೆ ರೇಡಿಯೇಟರಿನ ಬೆಸುಗೆ ಅಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೆ.

3. ಹೋಸ್ ಜೋಡಿಸಿ, ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ. ಎಂಜಿನ್ನನ್ನು ಐಡಲ್‌ನಲ್ಲಿ 20ರಿಂದ 30 ನಿಮಿಷ ಓಡಿಸಿ. ಹಳೆ 1500 ಸಿ.ಸಿ. ಪೆಟ್ರೋಲ್ ಅಂಬಾಸಿಡರಿನ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ, ಇಷ್ಟನ್ನು ತಾಳುತ್ತವೆ. ಪದ್ಮಿನಿಯ ಹೆಡ್ ಅಲ್ಯೂಮಿನಿಯಂ. ಅದಕ್ಕೆ ಲೀಟರಿಗೆ 25 ಗ್ರಾಂ, 15 ನಿಮಿಷ, ಅಷ್ಟೇ. ರಾತ್ರಿಯಿಡೀ ಒಳಗೆ ಬಿಡುವ ಯೋಚನೆ ಯಾವ ಎಂಜಿನ್ನಿಗೂ ಬೇಡ.

4. ಉಗುರುಬೆಚ್ಚಗಾದ ಮೇಲೆ ಬಸಿದು, ಸಾದಾ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬಳಿಕ ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ ಹತ್ತು ನಿಮಿಷ ಓಡಿಸಿ, ಉಳಿದ ಆಮ್ಲ ಸತ್ತುಹೋಗುತ್ತದೆ. ತಿಳಿನೀರು ಬರುವವರೆಗೆ ತೊಳೆಯಿರಿ.

ತೊಳೆದ ಮೇಲೆ ಹೊಸದಾಗಿ ಸೋರಿಕೆ ಕಾಣಿಸಿದರೆ ಆಮ್ಲವನ್ನು ಬೈಯಬೇಡಿ. ಅಲ್ಲಿ ಲೋಹ ಮೊದಲೇ ತೂತಾಗಿತ್ತು, ತುಕ್ಕು ಅದನ್ನು ಮುಚ್ಚಿತ್ತು. ಹೆಚ್ಚಾಗಿ ಸೋರುವುದು ಬ್ಲಾಕ್ ಪಕ್ಕದ ಕೋರ್ ಪ್ಲಗ್‌ಗಳು, ನಾಣ್ಯದಂತೆ ಕಾಣುವ ಬಿಲ್ಲೆಗಳು. ಒಂದು ಹೋದರೆ ಕೈಗೆಟುಕುವ ಅಷ್ಟನ್ನೂ ಬದಲಿಸಿ. ಅವನ್ನು ತೆಗೆದಾಗ ಒಳಗೆ ತಂತಿ ಹಾಕಿ ಕೆರೆದು ತೆಗೆಯಬಹುದಾದಷ್ಟು ಕೆಸರು ಬೇರಾವ ಉಪಾಯದಿಂದಲೂ ಬರುವುದಿಲ್ಲ.

ರೇಡಿಯೇಟರನ್ನು ಬಿಚ್ಚಿದ್ದೀರಾದರೆ ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನೀರು ತುಂಬಿಸಿ, ಕೈ ತೆಗೆಯಿರಿ. ಬಕೆಟ್ ಬೋರಲು ಹಾಕಿದಂತೆ ಧುಮ್ಮಿಕ್ಕಬೇಕು. ಸಣ್ಣಗೆ ಸುರಿದರೆ ರೇಡಿಯೇಟರ್ ಅಂಗಡಿಗೆ ಒಯ್ಯಿರಿ. ಅಲ್ಲಿ ಟ್ಯಾಂಕಿನ ಬೆಸುಗೆ ಬಿಡಿಸಿ ಕೊಳವೆಗಳಿಗೆ ಕಡ್ಡಿ ಹಾಕಿ ಬಿಡಿಸುತ್ತಾರೆ. ರೆಕ್ಕೆಗಳು ಬೆರಳಿಗೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಕಡ್ಡಿ ಹಾಕಿಸಿದ ದುಡ್ಡು ದಂಡ. ಹಳೆ ಟ್ಯಾಂಕುಗಳನ್ನೇ ಉಳಿಸಿಕೊಂಡು ತಾಮ್ರದ ಹೊಸ ಕೋರ್ ಹಾಕಿಸಿ.

ಥರ್ಮೋಸ್ಟಾಟ್ ಕೀಳುವ ಚಾಳಿ

‘ನಮ್ಮೂರಿಗೆ ವಾಲ್ವ್ ಬೇಡ ಸಾರ್, ತೆಗೆದುಬಿಡೋಣ’ ಎನ್ನುವ ಮಾತನ್ನು ಒಪ್ಪಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ, ಹೀಟ್ ಇನ್ನೂ ಹೆಚ್ಚುತ್ತದೆ. ಬೈಪಾಸ್ ತೊಂದರೆ ಇಲ್ಲದ ಎಂಜಿನ್ ಕೂಡ ಜನವರಿಯ ಬೆಳಗ್ಗೆ ಬಿಸಿಯೇರದೆ ಓಡುತ್ತದೆ. ತಣ್ಣನೆಯ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಹೊಸದನ್ನು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಿಂದ ತಂದರೂ ಹಾಕುವ ಮೊದಲು ಪರೀಕ್ಷಿಸಿ. ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ತೂಗುಬಿಡಿ, ತಳಕ್ಕೆ ತಾಗಕೂಡದು. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಮೇಲೆ ಅಚ್ಚೊತ್ತಿದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುವಾಗಿ, ಅಲ್ಲಿಂದ ಸುಮಾರು ಹತ್ತು ಹನ್ನೆರಡು ಡಿಗ್ರಿ ಮೇಲೆ ಪೂರ್ತಿ ತೆರೆದಿರಬೇಕು. ಇಲ್ಲೊಂದು ಬೆಂಗಳೂರಿನ ವಿಶೇಷವಿದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. 88 ಡಿಗ್ರಿಯ ಥರ್ಮೋಸ್ಟಾಟ್ ನಿಮ್ಮ ಪಾತ್ರೆಯಲ್ಲಿ ಪೂರ್ತಿ ತೆರೆದುಕೊಳ್ಳದಿದ್ದರೆ ಅದು ಕೆಟ್ಟಿದೆ ಎಂದು ಎಸೆಯಬೇಡಿ. ಬೇಸಿಗೆಗೂ ಟ್ರಾಫಿಕ್‌ಗೂ ಕೈಪಿಡಿ ಒಪ್ಪುವುದಾದರೆ 74 ಅಥವಾ 82 ಡಿಗ್ರಿಯದನ್ನು ಆರಿಸಿ. ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ತೂತು ಇಲ್ಲದಿದ್ದರೆ 3 ಮಿಲಿಮೀಟರಿನದೊಂದು ಕೊರೆದು, ಆ ತೂತು ಮೇಲ್ಭಾಗಕ್ಕೆ ಬರುವಂತೆ ಕೂರಿಸಿ. ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಕ್ಯಾಪ್ ಸಣ್ಣ ವಸ್ತು, ಲೆಕ್ಕ ದೊಡ್ಡದು

97 ಡಿಗ್ರಿಗೆ ಕುದಿಯುವ ನೀರಿನ ಕುದಿಬಿಂದುವನ್ನು ಮೇಲೇರಿಸುವುದು ರೇಡಿಯೇಟರ್ ಕ್ಯಾಪಿನ ಒತ್ತಡ. 4 ಪಿಎಸ್‌ಐ (ಒತ್ತಡದ ಅಳತೆ, ಕ್ಯಾಪಿನ ಮೇಲೆ ಅಚ್ಚಾಗಿರುತ್ತದೆ) ಕ್ಯಾಪ್ ಇದ್ದರೆ ಬೆಂಗಳೂರಿನಲ್ಲಿ ಸಾದಾ ನೀರು ಕುದಿಯುವುದು 104 ಡಿಗ್ರಿಯ ಹತ್ತಿರ, 7 ಪಿಎಸ್‌ಐ ಇದ್ದರೆ 109ರ ಹತ್ತಿರ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ ಆ ಹನ್ನೆರಡು ಡಿಗ್ರಿಯ ರಕ್ಷಣೆ ಹೋಯಿತು. ನಂದಿ ಬೆಟ್ಟದ ತುದಿಯಲ್ಲಂತೂ ಒತ್ತಡವಿಲ್ಲದ ನೀರು 95ಕ್ಕೇ ಕುದಿಯುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಕ್ಯಾಪ್ ಬದಲಿಸಿ, ಕೈಪಿಡಿ ಹೇಳಿದ ಒತ್ತಡದ್ದನ್ನೇ ಹಾಕಿ. ಹೊಸ ಕಾರಿನ 13 ಪಿಎಸ್‌ಐ ಕ್ಯಾಪ್ ಸರಿಯಾಗಿ ಕೂತರೂ ಹಾಕಬಾರದು: ಹಳೆ ರೇಡಿಯೇಟರಿನ ಸೀಸದ ಬೆಸುಗೆ, ಹೋಸ್, ಪಂಪಿನ ಸೀಲ್ ಯಾವುದೂ ಅಷ್ಟಕ್ಕೆ ಮಾಡಿದ್ದಲ್ಲ.

ಚೆಲ್ಲುವ ನೀರನ್ನು ಹಿಡಿಯಲು ಪಕ್ಕಕ್ಕೊಂದು ಬಾಟಲಿ ಕೂರಿಸುವುದು ಒಳ್ಳೆಯ ಸುಧಾರಣೆ. ಆದರೆ ಅದಕ್ಕೆ ಕುತ್ತಿಗೆಯ ಮೇಲಂಚಿನಲ್ಲೂ ಸೀಲ್ ಇರುವ ಕ್ಯಾಪ್ ಬೇಕು. ಸಾಮಾನ್ಯ ಕ್ಯಾಪ್ ಇದ್ದರೆ ತಣ್ಣಗಾಗುವಾಗ ಬಾಟಲಿಯ ನೀರಿನ ಬದಲು ಹೊರಗಿನ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ.

ಕೂಲೆಂಟ್

ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿಯದು. ಆದ್ದರಿಂದ ಅರ್ಧಕ್ಕರ್ಧ ಕೂಲೆಂಟ್ ಬೇಕಾಗಿಲ್ಲ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಒಯ್ಯುವ ಶಕ್ತಿ ಕುಗ್ಗುತ್ತದೆ. ನಮಗೆ ಬೇಕಾದದ್ದು ಕೂಲೆಂಟಿನೊಳಗಿನ ತುಕ್ಕುನಿರೋಧಕ. ಒಂದು ಪಾಲು ಕೂಲೆಂಟ್, ಎರಡು ಪಾಲು ಡಿಸ್ಟಿಲ್ಡ್ ನೀರು ಸಾಕು. ಬ್ಯಾಟರಿ ಅಂಗಡಿಯಲ್ಲಿ ಸಿಗುವ 5 ಲೀಟರ್ ಕ್ಯಾನಿನ ನೀರೇ ಆಗುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ. ಬೇರೆ ದಾರಿಯಿಲ್ಲದಿದ್ದರೆ ಕಾವೇರಿ ನೀರು ಎಷ್ಟೋ ವಾಸಿ. ಹಿತ್ತಾಳೆ, ಸೀಸದ ಬೆಸುಗೆಯಿರುವ ರೇಡಿಯೇಟರಿಗೆ ಹಳೆ ಬಗೆಯ ಹಸಿರು ಕೂಲೆಂಟ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೊಸ ಕಾರುಗಳ ದೀರ್ಘಾಯುಷ್ಯದ ಆರ್ಗ್ಯಾನಿಕ್ ಆಸಿಡ್ ಕೂಲೆಂಟನ್ನು ಇವಕ್ಕೆ ಹಾಕದಿರುವುದು ಕ್ಷೇಮ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಡಬ್ಬಿಯ ಮೇಲಿನದನ್ನು ಓದಿಯೇ ಕೊಳ್ಳಿ. ಬಸಿದ ಕೂಲೆಂಟನ್ನು ರಸ್ತೆಗೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿನಾಯಿ, ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ.

ಪಂಪ್, ಬೆಲ್ಟ್, ಹೋಸ್

ಫ್ಯಾನ್ ರೆಕ್ಕೆ ಹಿಡಿದು ಮುಂದೆ ಹಿಂದೆ ಅಲುಗಿಸಿ. ಅಲುಗಾಡಿದರೆ ಪಂಪಿನ ಬೇರಿಂಗ್ ಹೋಗಿದೆ. ಪಂಪಿನ ಹೊಟ್ಟೆಯಡಿ ಇರುವ ಸಣ್ಣ ತೂತಿನಲ್ಲಿ ನೀರು ಜಿನುಗಿದರೆ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತುವುದು ಪರಿಹಾರವಲ್ಲ: ಹೊರಬರಬೇಕಾದ ನೀರು ಬೇರಿಂಗಿಗೆ ನುಗ್ಗುತ್ತದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದಲ್ಲಿ ಹೆಬ್ಬೆರಳಿಂದ ಒತ್ತಿದಾಗ ಸುಮಾರು 12 ಮಿಲಿಮೀಟರ್ ತಗ್ಗಬೇಕು. ಸವೆದ ಬೆಲ್ಟ್ ಪುಲ್ಲಿಯ ತಳಕ್ಕೆ ಕೂರುತ್ತದೆ. ಹಿಡಿತ ಇರುವುದು ಪಕ್ಕದ ಗೋಡೆಗಳಲ್ಲಿ, ಹಾಗಾಗಿ ತಳ ಮುಟ್ಟಿದ ಬೆಲ್ಟನ್ನು ಎಷ್ಟು ಬಿಗಿದರೂ ಜಾರುತ್ತದೆ. ಕೆಳಗಿನ ಹೋಸ್ ಪಂಪ್ ಎಳೆದುಕೊಳ್ಳುವ ಕಡೆಯದು. ಒಳಗೆ ಸ್ಪ್ರಿಂಗ್ ಇಲ್ಲದ ಮೆತ್ತನೆಯ ಹೋಸ್ ಹಾಕಿದ್ದರೆ ವೇಗದಲ್ಲಿ ಚಪ್ಪಟೆಯಾಗಿ ನೀರನ್ನೇ ಕಡಿದುಬಿಡುತ್ತದೆ. ಐಡಲ್‌ನಲ್ಲಿ ಇದು ಕಾಣುವುದಿಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಹೋಸ್ ನೋಡಲಿ.

ಗಾಳಿಯ ದಾರಿ

ಮುಂಭಾಗದ ಗ್ರಿಲ್ ನೋಡಿ. ಎರಡು ದೊಡ್ಡ ಫಾಗ್ ಲ್ಯಾಂಪ್, ಹಾರ್ನ್, ಕ್ಲಬ್ಬಿನ ಬಿಲ್ಲೆಗಳು ಗಾಳಿಗೆ ಅಡ್ಡ ನಿಂತಿರುತ್ತವೆ. ಫೆಬ್ರವರಿಯಿಂದ ಮೇವರೆಗೆ ತಬೆಬುಯಾ, ಜಕರಂದ, ಹೊಂಗೆ ಮರಗಳಡಿ ನಿಲ್ಲಿಸಿದ ಕಾರಿನ ಗ್ರಿಲ್ಲಿನೊಳಗೆ ಹೂವು ಉದುರಿ, ಧೂಳಿನೊಡನೆ ಸೇರಿ ರೆಕ್ಕೆಗಳ ನಡುವೆ ಅಂಟುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಬಗ್ಗಿದ ರೆಕ್ಕೆಗಳನ್ನು ಹಳೆ ಬಾಚಣಿಗೆಯ ತುದಿಯಿಂದ ನೇರ ಮಾಡಿ. ಫ್ಯಾನನ್ನು ಯಾರಾದರೂ ಹಿಂದುಮುಂದಾಗಿ ಜೋಡಿಸಿದ್ದಾರೆಯೇ ನೋಡಿ. ಹಾಗಿದ್ದಾಗಲೂ ಗಾಳಿ ಅದೇ ದಿಕ್ಕಿಗೆ ಬೀಸುತ್ತದೆ, ಆದರೆ ಬಹಳ ಕಡಿಮೆ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದಿಲ್ಲ. ಫ್ಯಾನ್ ಸುತ್ತ ತಗಡಿನ ಕವಚ ಮಾಡಿಸಿದರೆ ನಿಂತಲ್ಲಿ ಸಿಗುವ ಗಾಳಿ ಚೆನ್ನಾಗಿ ಹೆಚ್ಚುತ್ತದೆ. ಎಲೆಕ್ಟ್ರಿಕ್ ಫ್ಯಾನಿಗಿಂತ ಮೊದಲು ಇದನ್ನು ಮಾಡಿಸಿ.

ಎಲೆಕ್ಟ್ರಿಕ್ ಫ್ಯಾನ್ ಬೇಕೇಬೇಕು ಎನ್ನುವವರು ಮೊದಲು ಡೈನಮೋ ನೋಡಲಿ. ಹಳೆ ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 20 ಆಂಪಿಯರ್ ಆಸುಪಾಸು, ಐಡಲ್‌ನಲ್ಲಿ ಬಹುತೇಕ ಏನೂ ಇಲ್ಲ. ಫ್ಯಾನ್ ತಿನ್ನುವುದು 8ರಿಂದ 12 ಆಂಪಿಯರ್, ಅದೂ ಐಡಲ್‌ನಲ್ಲೇ. ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡರೆ ಎಂಜಿನ್ ತಣ್ಣಗಿರುತ್ತದೆ, ಬ್ಯಾಟರಿ ಸೊರಗಿರುತ್ತದೆ. ಆಲ್ಟರ್ನೇಟರ್ ಹಾಕಿಸಿದ ಮೇಲೆಯೇ ಫ್ಯಾನ್; ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಇಲ್ಲದೆ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ನೇರ ವೈರ್ ಎಳೆಯಬೇಡಿ.

ಟೈಮಿಂಗ್ ಮತ್ತು ಇ20

ನೀರು, ಗಾಳಿ ಎರಡೂ ಸರಿಯಿದ್ದು ಇನ್ನೂ ಕಾದರೆ ಬೆಂಕಿಯ ಕಡೆ ನೋಡಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದರೆ ಮಿಶ್ರಣ ತಡವಾಗಿ ಉರಿದು, ಪಿಸ್ಟನ್ನನ್ನು ತಳ್ಳಬೇಕಾದ ಶಾಖ ಸಿಲಿಂಡರ್ ಗೋಡೆಗೂ ಎಕ್ಸಾಸ್ಟ್‌ಗೂ ಹೋಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್‌ನ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ತುದಿ) ಸವೆದು ಗ್ಯಾಪ್ ಕಿರಿದಾದಾಗ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಲ್ಯೂಕಾಸ್ ಡಿಸ್ಟ್ರಿಬ್ಯೂಟರಿಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇಟ್ಟು, ಅನಂತರ ಟೈಮಿಂಗ್ ಲೈಟಿನಿಂದ ಕೈಪಿಡಿಯ ಗುರುತಿಗೆ ತನ್ನಿ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪಿನಿಂದ ಬಾಯಲ್ಲಿ ಗಾಳಿ ಎಳೆದಾಗ ಒಳಗಿನ ತಟ್ಟೆ ಅಲುಗಿ, ನಾಲಿಗೆಯಿಂದ ಮುಚ್ಚಿದಾಗ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ.

ಈಗ ಬಂಕುಗಳಲ್ಲಿ ಸಿಗುವ, ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುತ್ತದೆ. ಸಾದಾ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಇದರಿಂದ ಮಿಶ್ರಣ ಶೇ 7ರಷ್ಟು ತೆಳುವಾಗುತ್ತದೆ. 10–15 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ ಮತ್ತೆ ನೋಡಿ. ಹಳೆ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವ ಪೈಪಿಗೆ ಬದಲಿಸುವುದನ್ನು ಮುಂದೂಡಬೇಡಿ. ಬಿರಿದ ಪೈಪು, ಬಿಸಿ ಎಕ್ಸಾಸ್ಟ್ ಅಕ್ಕಪಕ್ಕ ಇದ್ದರೆ ಹೀಟಿಗಿಂತ ದೊಡ್ಡ ಅಪಾಯ.

ಹೆಡ್ ಗ್ಯಾಸ್ಕೆಟ್ ಅನುಮಾನವಿದ್ದರೆ: ತಣ್ಣಗಿರುವಾಗ ಬೆಲ್ಟ್ ಕಳಚಿ, ನೀರನ್ನು ಕುತ್ತಿಗೆವರೆಗೆ ತುಂಬಿ, ಕ್ಯಾಪ್ ಹಾಕದೆ ಅರ್ಧ ನಿಮಿಷ ಸ್ಟಾರ್ಟ್ ಮಾಡಿ. ಪಂಪ್ ತಿರುಗದಿದ್ದರೂ ಗುಳ್ಳೆಗಳು ಬಿಡದೆ ಬಂದರೆ ಉರಿದ ಗ್ಯಾಸ್ ನೀರಿಗೆ ಸೇರುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಓಡಿಸಲೇಬೇಡಿ.

ರಸ್ತೆಯಲ್ಲಿ ಮುಳ್ಳು ಏರಿದರೆ

ಸಿಗ್ನಲ್ಲಿನಲ್ಲಿ ಮುಳ್ಳು ಏರತೊಡಗಿದರೆ ನ್ಯೂಟ್ರಲ್‌ಗೆ ತಂದು ಎಂಜಿನ್ನನ್ನು 1200–1500 ಆರ್‌ಪಿಎಂನಲ್ಲಿ ಹಿಡಿಯಿರಿ. ಫ್ಯಾನ್ ಮತ್ತು ಪಂಪ್ ಎರಡೂ ಜೋರಾಗಿ ತಿರುಗುತ್ತವೆ. ಎ.ಸಿ. ಹಾಕಿಸಿದ್ದರೆ ಆರಿಸಿ. ಹೀಟರ್ ಇದ್ದರೆ ಪೂರ್ತಿ ತೆರೆಯಿರಿ, ಸೆಕೆಯಾದರೂ ಅದೊಂದು ಸಣ್ಣ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ನಂದಿ ಬೆಟ್ಟದ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಏದುಸಿರು ಬಿಡಿಸುವ ಬದಲು ಎರಡನೇ ಗೇರಿಗೆ ಇಳಿಸಿ.

ಇಷ್ಟಾದರೂ ಮುಳ್ಳು ಕೆಂಪು ಮುಟ್ಟಿದರೆ, ಅಥವಾ ಏರಿದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ, ಎಡಕ್ಕೆ ಸರಿದು ಎಂಜಿನ್ ಆರಿಸಿ. ಮುಳ್ಳು ಬೀಳುವುದೆಂದರೆ ತಣ್ಣಗಾಯಿತೆಂದಲ್ಲ, ಸೆಂಡರ್ ಮುಳುಗುವಷ್ಟು ನೀರು ಉಳಿದಿಲ್ಲವೆಂದು. ಬಾನೆಟ್ ಎತ್ತಿ ಕನಿಷ್ಠ 30–40 ನಿಮಿಷ ಬಿಡಿ. ಮೇಲಿನ ಹೋಸ್ ಬರಿಗೈಯಲ್ಲಿ ಹಿಡಿಯುವಷ್ಟು ಆರಿ, ಹಿಚುಕಿದರೆ ಮೆತ್ತಗಾಗುವವರೆಗೆ ಕ್ಯಾಪ್ ಮುಟ್ಟಬೇಡಿ. ಆಮೇಲೂ ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮೊದಲ ಹಂತಕ್ಕೆ ತಿರುಗಿಸಿ ಸುಯ್ಯೆನ್ನುವ ಸದ್ದು ನಿಲ್ಲುವವರೆಗೆ ಕಾಯಿರಿ. ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಓಡುತ್ತಿರುವಾಗಲೇ ನೀರನ್ನು ಸಣ್ಣ ಧಾರೆಯಾಗಿ ಹಾಕಿ. ಕಾದ ಬ್ಲಾಕ್‌ಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ ಬಿರಿಯುತ್ತದೆ. ಡಿಕ್ಕಿಯಲ್ಲಿ ಯಾವಾಗಲೂ 5 ಲೀಟರ್ ಡಿಸ್ಟಿಲ್ಡ್ ನೀರು, ಒಂದು ಫ್ಯಾನ್ ಬೆಲ್ಟ್, ಎರಡು ಹೋಸ್ ಕ್ಲಿಪ್, ಒಂದು ದಪ್ಪ ಬಟ್ಟೆ ಇರಲಿ.